ಗುಂಗುರು ಕೂದಲಿನ ಆರೈಕೆ: ಒಣಬೇಸಾಯದ ಪಾಠ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಅಗಸೆ, ಸೀಗೆ ಮತ್ತು ಅಂಟುವಾಳಗಳನ್ನು ಬೆಳೆಯುವ ಕ್ರಮವನ್ನು ಬೆಳಗಿನ ತರಗತಿಯಲ್ಲಿ ತಿಳಿದುಕೊಂಡಿರಿ. ಬೆಳೆಯ ಮಾತು ಮುಗಿದ ಮೇಲೆ ಬಳಕೆಯ ಮಾತು ಬರಬೇಕು. ಈ ಮೂರೂ ಬೆಳೆಗಳು ಒಟ್ಟಿಗೆ ಉಪಯೋಗಕ್ಕೆ ಬರುವ ಜಾಗ ನಮ್ಮ ತಲೆ. ಅದರಲ್ಲಿಯೂ ಗುಂಗುರು ಕೂದಲಿನವರಿಗೆ ಇವುಗಳಿಂದ ಹೆಚ್ಚಿನ ಪ್ರಯೋಜನವಿದೆ. ಬೇಸಾಯಶಾಸ್ತ್ರದ ಅಧ್ಯಾಪಕರಿಗೆ ಕೂದಲಿನ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನೀರು ನಿಲ್ಲದ ನೆಲದಲ್ಲಿ ತೇವವನ್ನು ಹಿಡಿದಿಡುವುದು ಹೇಗೆ ಎಂಬುದೇ ನಮ್ಮ ಒಣಬೇಸಾಯದ ಮುಖ್ಯ ಪಾಠ. ಗುಂಗುರು ಕೂದಲಿನ ಕಥೆಯೂ ಅದೇ ಆಗಿದೆ. ಅದು ಕೆಟ್ಟ ಕೂದಲಲ್ಲ, ಒರಟು ಕೂದಲೂ ಅಲ್ಲ. ಅದು ಒಣ ಭೂಮಿ. ಒಣ ಭೂಮಿಯನ್ನು ಅರಿತು ಸಾಗುವಳಿ ಮಾಡಿದವನು ಫಸಲು ಕಾಣುತ್ತಾನೆ. ನೀರಾವರಿ ಗದ್ದೆಯ ಕ್ರಮವನ್ನೇ ಅಲ್ಲಿಯೂ ಅನುಸರಿಸಿದವನು ನಷ್ಟ ಹೊಂದುತ್ತಾನೆ.

ನಮ್ಮ ಊರುಗಳಲ್ಲಿ ಗುಂಗುರು ಕೂದಲಿನ ಹೆಣ್ಣುಮಕ್ಕಳು ಚಿಕ್ಕಂದಿನಿಂದ ಕೇಳುವ ಮಾತು ನಿಮಗೆಲ್ಲ ಗೊತ್ತೇ ಇದೆ. ಕಾಗೆಗೂಡು, ತೆಂಗಿನ ಸಿಪ್ಪೆ ಎಂದು ಹಾಸ್ಯ ಮಾಡುತ್ತಾರೆ. ತಾಯಂದಿರು ಬೇಸತ್ತು ಒಣಗೂದಲನ್ನೇ ಬಾಚಣಿಗೆಯಿಂದ ಎಳೆದು, ನೋವಿನಿಂದ ಅಳುವ ಮಗುವಿಗೆ ಬಿಗಿಯಾಗಿ ಜಡೆ ಹಾಕಿ ಶಾಲೆಗೆ ಕಳಿಸುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು, ಕಾಡಿನ ಉತ್ಪನ್ನಗಳನ್ನು ಸಂಗ್ರಹಿಸಿಕೊಂಡು ಬಾಳುತ್ತಿರುವ ಸಿದ್ದಿ ಜನರ ಹಿರಿಯರು ಆಫ್ರಿಕಾ ಖಂಡದಿಂದ ಬಂದವರು. ಅವರಲ್ಲಿ ಅನೇಕರ ಕೂದಲು ಒತ್ತಾದ ಸುರುಳಿಯದು. ಅವರಿಗಷ್ಟೇ ಅಲ್ಲ, ಬಯಲುಸೀಮೆಯಲ್ಲಿಯೂ ಕರಾವಳಿಯಲ್ಲಿಯೂ ಎಲ್ಲ ಜಾತಿ ಜನಾಂಗಗಳಲ್ಲಿಯೂ ಅಲೆಗೂದಲು, ಗುಂಗುರು ಕೂದಲು ಇದ್ದೇ ಇದೆ. ಆದ್ದರಿಂದ ಈ ಮಾತು ಯಾರೋ ಕೆಲವರಿಗೆ ಸಂಬಂಧಪಟ್ಟದ್ದಲ್ಲ.

ಕೂದಲಿನ ರಚನೆ

ಕೂದಲು ಕೆರಾಟಿನ್ ಎಂಬ ಸಸಾರಜನಕದಿಂದ ಆದದ್ದು. ಕುರಿಯ ಉಣ್ಣೆ, ದನದ ಕೊಂಬು, ನಮ್ಮ ಉಗುರು ಇವೆಲ್ಲವೂ ಅದರಿಂದಲೇ ಆಗಿವೆ. ಕೂದಲಿನ ಬೇರು ಮಾತ್ರ ಜೀವಂತ. ಚರ್ಮದಿಂದ ಹೊರಗೆ ಬಂದ ಭಾಗಕ್ಕೆ ಜೀವವಿಲ್ಲ. ಆದುದರಿಂದ ಮುರಿದ ಎಳೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಅದನ್ನು ಮುರಿಯದಂತೆ ಕಾಪಾಡುವುದೊಂದೇ ದಾರಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಮೊಳದ ಕೂದಲು ಬೆಳೆಯಲು ಮೂರು ನಾಲ್ಕು ವರ್ಷ ಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಬೇರಿರುವ ಗುಳಿ ನೇರವಾಗಿದ್ದರೆ ಕೂದಲು ನೇರವಾಗಿ ಬರುತ್ತದೆ. ಗುಳಿಯೇ ಬಾಗಿದ್ದರೆ ಕೂದಲು ಸುರುಳಿಯಾಗಿ ಬರುತ್ತದೆ. ನೇರ ಕೂದಲನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗೆ ಕಾಣುತ್ತದೆ, ಗುಂಗುರು ಕೂದಲು ಚಪ್ಪಟೆಯಾಗಿ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಇದು ಹುಟ್ಟಿನಿಂದ ಬಂದ ಗುಣ. ಯಾವ ಎಣ್ಣೆಯಿಂದಲೂ ಇದು ಬದಲಾಗುವುದಿಲ್ಲ, ಬದಲಾಗಬೇಕಾದ ಅಗತ್ಯವೂ ಇಲ್ಲ.

ಕೂದಲಿನ ಎಳೆಯ ಮೇಲೆ ಮಂಗಳೂರು ಹೆಂಚು ಹೊದಿಸಿದಂತೆ ತೆಳುವಾದ ಹುರುಪೆಗಳ ಹೊದಿಕೆ ಇರುತ್ತದೆ. ಈ ಹೆಂಚುಗಳು ಒತ್ತಾಗಿ ಕೂತಿದ್ದರೆ ಒಳಗಿನ ತೇವ ಉಳಿಯುತ್ತದೆ, ಕೂದಲು ಹೊಳೆಯುತ್ತದೆ. ಹೆಂಚು ಎದ್ದರೆ ಅಥವಾ ಒಡೆದರೆ ತೇವ ಆರಿಹೋಗಿ ಕೂದಲು ಒರಟಾಗುತ್ತದೆ, ಒಂದು ಎಳೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ನೆತ್ತಿಯ ಚರ್ಮ ಸ್ವಾಭಾವಿಕವಾಗಿ ಜಿಡ್ಡನ್ನು ಸ್ರವಿಸುತ್ತದೆ. ನೇರ ಕೂದಲಿನಲ್ಲಿ ಈ ಜಿಡ್ಡು ಇಳಿಜಾರಿನ ಕಾಲುವೆಯಲ್ಲಿ ನೀರು ಹರಿದಂತೆ ತುದಿಯವರೆಗೆ ಇಳಿಯುತ್ತದೆ. ಗುಂಗುರು ಕೂದಲಿನಲ್ಲಿ ಹೆಜ್ಜೆಹೆಜ್ಜೆಗೂ ತಿರುವಿರುವುದರಿಂದ ಜಿಡ್ಡು ಬುಡದಲ್ಲಿಯೇ ಉಳಿಯುತ್ತದೆ, ಕಾಲುವೆಯ ಕೊನೆಯ ಹೊಲ ಒಣಗುತ್ತದೆ. ಬುಡ ಜಿಡ್ಡು, ತುದಿ ಒಣಗು ಎಂಬ ದೂರಿಗೆ ಇದೇ ಕಾರಣ. ಸುರುಳಿಯ ಪ್ರತಿಯೊಂದು ತಿರುವೂ ಎಳೆ ಮುರಿಯಬಹುದಾದ ಸ್ಥಳವೂ ಹೌದು.

ನಮ್ಮ ಮಗಳ ಕೂದಲು ಬೆಳೆಯುವುದೇ ಇಲ್ಲ ಎಂದು ಅನೇಕ ತಾಯಂದಿರು ಹೇಳುತ್ತಾರೆ. ಒತ್ತಾದ ಸುರುಳಿಯ ಒಂದು ಎಳೆಯನ್ನು ಒದ್ದೆ ಮಾಡಿ ಮೆಲ್ಲನೆ ಎಳೆದು ನೋಡಿ. ಅದು ಕಾಣುವುದಕ್ಕಿಂತ ಎರಡರಷ್ಟು, ಕೆಲವು ಸಲ ಅದಕ್ಕಿಂತ ಹೆಚ್ಚು ಉದ್ದವಿರುತ್ತದೆ. ಕೂದಲು ಬುಡದಲ್ಲಿ ಬೆಳೆಯುತ್ತಲೇ ಇರುತ್ತದೆ, ಆದರೆ ತುದಿಯಲ್ಲಿ ಮುರಿಯುತ್ತಿರುತ್ತದೆ. ಬೆಳೆದಷ್ಟೂ ಹಂದಿ ತಿಂದರೆ ಫಸಲು ಮನೆಗೆ ಬರುವುದೆಲ್ಲಿ? ಇಲ್ಲಿ ಹಂದಿಯ ಕೆಲಸ ಮಾಡುವವು ಎರಡು: ಒಂದು ಒಣಗುವಿಕೆ, ಇನ್ನೊಂದು ಉಜ್ಜಾಟ. ಮುಂದೆ ಹೇಳುವ ಕ್ರಮಗಳೆಲ್ಲ ಈ ಎರಡನ್ನು ತಡೆಯುವುದಕ್ಕಾಗಿ.

ತೊಳೆಯುವ ಕ್ರಮ

ಮೊದಲು ನೀರಿನ ವಿಚಾರ. ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಸುಣ್ಣ ಮತ್ತು ಮೆಗ್ನೀಷಿಯಂ ಲವಣಗಳಿವೆ. ಇಂಥ ನೀರಿಗೆ ಸಾಬೂನು ಸೇರಿದರೆ ನೊರೆಗೆ ಬದಲಾಗಿ ಬಿಳಿಯ ಕೆನೆ ಉಂಟಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ಸಾಧ್ಯವಿದ್ದಲ್ಲಿ ಮನೆಯ ಮಾಳಿಗೆಯಿಂದ ಶೇಖರಿಸಿದ ಮಳೆನೀರನ್ನು ಕೊನೆಯ ಒಂದೆರಡು ತಂಬಿಗೆಗಾದರೂ ಇಟ್ಟುಕೊಳ್ಳಬೇಕು. ಮಳೆನೀರು ಇಲ್ಲದಿದ್ದರೆ ಕುದಿಸಿ ಆರಿಸಿ, ತಳದಲ್ಲಿ ನಿಂತ ಸುಣ್ಣವನ್ನು ಬಿಟ್ಟು ಬಗ್ಗಿಸಿದ ನೀರೂ ಸ್ವಲ್ಪ ಮೆದುವಾಗುತ್ತದೆ. ತೀರ ಬಿಸಿ ನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು.

ಎರಡನೆಯದು ರಸಸಾರ. ಮಣ್ಣಿನ ರಸಸಾರವನ್ನು ಪರೀಕ್ಷೆ ಮಾಡಿಸುವ ನೀವು ಇದನ್ನು ಬಲ್ಲಿರಿ. ನೆತ್ತಿಯ ಚರ್ಮದ ರಸಸಾರ ಸುಮಾರು 5.5, ಅಂದರೆ ತುಸು ಹುಳಿ. ಮೈ ತೊಳೆಯುವ ಗಟ್ಟಿ ಸಾಬೂನುಗಳ ರಸಸಾರ ಸಾಮಾನ್ಯವಾಗಿ 9ರಿಂದ 10. ಬಟ್ಟೆ ಸಾಬೂನು ಮತ್ತು ಸೋಡಾಗಳದು ಇನ್ನೂ ಹೆಚ್ಚು. ಕ್ಷಾರ ಹೆಚ್ಚಾದಾಗ ಕೂದಲು ಉಬ್ಬಿ ಹೆಂಚುಗಳು ಏಳುತ್ತವೆ. ಚೌಳು ಭೂಮಿಯಲ್ಲಿ ಬೆಳೆ ಸೊರಗುವಂತೆ ಕ್ಷಾರದಲ್ಲಿ ಕೂದಲು ಸೊರಗುತ್ತದೆ. ಆದುದರಿಂದ ಬಟ್ಟೆ ಸಾಬೂನು, ಬಟ್ಟೆ ತೊಳೆಯುವ ಪುಡಿ, ಅಡುಗೆ ಸೋಡಾ ಇವುಗಳನ್ನು ತಲೆಗೆ ಎಂದೂ ಹಾಕಬಾರದು.

ಸೀಗೆಕಾಯಿ ಮತ್ತು ಅಂಟುವಾಳಗಳಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ವಸ್ತುವಿದೆ. ಇವು ಕೊಳೆಯನ್ನು ತೆಗೆಯುತ್ತವೆ, ಕ್ಷಾರವನ್ನು ಹೆಚ್ಚಿಸುವುದಿಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ನೇರ ಕೂದಲಿಗೆ ಸೀಗೆಪುಡಿಯನ್ನು ಕಲಸಿ ಹಚ್ಚುವ ರೂಢಿ ಗುಂಗುರು ಕೂದಲಿಗೆ ಹೊಂದುವುದಿಲ್ಲ. ಪುಡಿಯ ಕಣಗಳು ಸುರುಳಿಯೊಳಗೆ ಸಿಕ್ಕಿಕೊಂಡು, ಅವನ್ನು ತೆಗೆಯಲು ಉಜ್ಜಿ ಉಜ್ಜಿ ಎಳೆಗಳು ಮುರಿಯುತ್ತವೆ. ಇಂಥವರು ಪುಡಿಯ ಬದಲು ಸೋಸಿದ ಕಷಾಯವನ್ನು ಬಳಸಬೇಕು.

ಕಷಾಯ ಮಾಡುವ ವಿಧಾನ: ಬೀಜ ತೆಗೆದು ಮುರಿದ ಒಣ ಸೀಗೆಕಾಯಿ 30 ಗ್ರಾಂ, ಬೀಜ ತೆಗೆದ ಅಂಟುವಾಳದ ಸಿಪ್ಪೆ 5 ಅಥವಾ 6 ಕಾಯಿಯದು, ನೀರು 1 ಲೀಟರ್. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸಿ, ಆರಿದ ಮೇಲೆ ಕೈಯಿಂದ ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಇದನ್ನು ಅಂದೇ ಬಳಸುವುದು ಒಳ್ಳೆಯದು. ಕಣ್ಣಿಗೆ ಬಿದ್ದರೆ ತುಂಬ ಉರಿಯುತ್ತದೆ, ಆದುದರಿಂದ ಮಕ್ಕಳ ತಲೆಯನ್ನು ಹಿಂದಕ್ಕೆ ಬಾಗಿಸಿ ಹಾಕಬೇಕು. ಮೊದಲ ಸಲ ಬಳಸುವವರು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ. ನವೆ ಬಂದರೆ ಬಿಡಿ. ತೊಳೆದ ನೀರನ್ನು ಮೀನಿರುವ ಹೊಂಡಕ್ಕೆ ಬಿಡಬೇಡಿ, ಸಪೋನಿನ್ ಮೀನಿಗೆ ವಿಷ.

ಕಷಾಯವನ್ನು ನೆತ್ತಿಗೆ ಹಾಕಿ ಬೆರಳ ತುದಿಯಿಂದ, ಉಗುರು ತಾಗಿಸದೆ, ಮೆಲ್ಲಗೆ ತಿಕ್ಕಬೇಕು. ಉದ್ದಕ್ಕೆ ತಿಕ್ಕುವ ಅಗತ್ಯವಿಲ್ಲ, ನೊರೆ ಇಳಿದುಹೋಗುವಾಗ ಕೊಳೆಯೂ ಹೋಗುತ್ತದೆ. ವಾರಕ್ಕೆ ಒಂದು ಸಲ ಸಾಕು. ತೀರ ಒತ್ತಾದ ಸುರುಳಿಯವರು ಎಂಟು ಹತ್ತು ದಿನಕ್ಕೊಮ್ಮೆ ತೊಳೆಯಬಹುದು. ನಡುವೆ ಬೆವರು, ದೂಳು ಹೆಚ್ಚಾದ ದಿನ ಬರಿಯ ನೀರಿನಲ್ಲಿ ಅದ್ದಿ ತೆಗೆದರಾಯಿತು. ಅಂಗಡಿಯ ಶಾಂಪೂ ಬಳಸುವುದಾದರೆ ಸೌಮ್ಯವಾದುದನ್ನು ಆರಿಸಿ, ನೀರಿನಲ್ಲಿ ಕದಡಿ ನೆತ್ತಿಗೆ ಮಾತ್ರ ಹಾಕಿ.

ಎಣ್ಣೆ: ಯಾವಾಗ, ಎಷ್ಟು?

ಎಣ್ಣೆ ನೀರಲ್ಲ. ಅದು ಹೊಲಕ್ಕೆ ಹೊದಿಸುವ ದರಗು ಇದ್ದಂತೆ. ಒಣ ಮಣ್ಣಿಗೆ ಹೊದಿಕೆ ಹಾಸಿದರೆ ತೇವ ಬರುವುದಿಲ್ಲ, ಇರುವ ತೇವ ಆರದಂತೆ ತಡೆಯುತ್ತದೆ ಅಷ್ಟೆ. ಆದುದರಿಂದ ಮೊದಲು ಕೂದಲಿಗೆ ನೀರು, ಆಮೇಲೆ ಮೇಲೊಂದು ತೆಳು ಲೇಪ ಎಣ್ಣೆ.

ಕೊಬ್ಬರಿ ಎಣ್ಣೆಗೆ ಇನ್ನೊಂದು ಗುಣವಿದೆ. 2003ರಲ್ಲಿ ಭಾರತೀಯ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಇವುಗಳನ್ನು ಹೋಲಿಸಿ ನೋಡಿದಾಗ, ತೊಳೆಯುವಾಗ ಕೂದಲಿನಿಂದ ಸಸಾರಜನಕ ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು. ಆದ್ದರಿಂದ ಅದು ಎಳೆಯ ಒಳಕ್ಕೆ ಇಳಿಯುತ್ತದೆ. ತಲೆಗೆ ನೀರೆರೆದುಕೊಳ್ಳುವ ಹಿಂದಿನ ರಾತ್ರಿ ಅಥವಾ ಎರಡು ಗಂಟೆ ಮೊದಲು ಎರಡು ಮೂರು ಚಮಚ ಎಣ್ಣೆಯನ್ನು ಉದ್ದಕ್ಕೂ, ತುದಿಗೆ ಹೆಚ್ಚಾಗಿ ಹಚ್ಚಬೇಕು. ನೆತ್ತಿಯಲ್ಲಿ ಹೊಟ್ಟು ಇರುವವರು ಅಲ್ಲಿಗೆ ಎಣ್ಣೆ ಸುರಿಯಬಾರದು. ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಜಿಡ್ಡನ್ನು ತಿಂದು ಬೆಳೆಯುತ್ತದೆ.

ಹರಳೆಣ್ಣೆ ತುಂಬ ಮಂದ ಮತ್ತು ಅಂಟು. ಅದು ಕೂದಲು ಬೆಳೆಸುತ್ತದೆ ಎಂಬ ನಂಬಿಕೆಗೆ ಸರಿಯಾದ ಆಧಾರವಿಲ್ಲ. ಹರಳೆಣ್ಣೆ ಹೆಚ್ಚಾಗಿ ಹಚ್ಚಿ ತೊಳೆದಾಗ ಉದ್ದ ಕೂದಲು ಒಮ್ಮೆಗೇ ಗಂಟುಕಟ್ಟಿ, ಕತ್ತರಿಸಬೇಕಾಗಿ ಬಂದ ಪ್ರಸಂಗ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಬೇಕೆಂದರೆ ಕೊಬ್ಬರಿ ಎಣ್ಣೆಗೆ ನಾಲ್ಕೈದು ಹನಿ ಬೆರೆಸಿ ತುದಿಗೆ ಸವರಿದರೆ ಸಾಕು.

ಸಿಕ್ಕು ಬಿಡಿಸುವುದು

ಗುಂಗುರು ಕೂದಲನ್ನು ಒಣಗಿದಾಗ ಬಾಚಬಾರದು. ಇದೊಂದು ನಿಯಮವನ್ನು ಪಾಲಿಸಿದರೂ ಅರ್ಧ ನಷ್ಟ ತಪ್ಪುತ್ತದೆ. ತೊಳೆದ ಮೇಲೆ, ಕೂದಲು ಒದ್ದೆಯಾಗಿರುವಾಗ, ಜಾರುವ ಲೋಳೆ ಹಚ್ಚಿ ಬಿಡಿಸಬೇಕು. ಒದ್ದೆ ಕೂದಲು ಹೆಚ್ಚು ಹಿಗ್ಗುವುದರಿಂದ ಎಳೆದಾಡದೆ ಕೈ ಹಗುರಾಗಿರಬೇಕು.

ಕರಾವಳಿ, ಮಲೆನಾಡುಗಳಲ್ಲಿ ಎಣ್ಣೆ ಸ್ನಾನಕ್ಕೆ ಬಳಸುವ ಗೊಂಪನ್ನು ಅನೇಕರು ಬಲ್ಲಿರಿ. ಒಂದು ಬೊಗಸೆ ದಾಸವಾಳದ ಎಲೆಗಳನ್ನು ಎರಡು ಲೋಟ ನೀರಿನಲ್ಲಿ ಕಿವುಚಿ ಸೋಸಿದರೆ ಗೊಂಪು ಸಿದ್ಧ. ಹಿತ್ತಲ ಗಿಡ ಮದ್ದಲ್ಲ ಎಂದು ಇದನ್ನು ಬಿಟ್ಟು, ಇದೇ ಕೆಲಸ ಮಾಡುವ ಕಂಡೀಷನರನ್ನು ದುಡ್ಡು ಕೊಟ್ಟು ತರುತ್ತಿದ್ದೇವೆ.

ತಲೆಗೂದಲನ್ನು ನಾಲ್ಕರಿಂದ ಎಂಟು ಪಾಲು ಮಾಡಿ. ಒಂದೊಂದೇ ಪಾಲಿಗೆ ಗೊಂಪು ಹಚ್ಚಿ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಮರದ ಬಾಚಣಿಗೆಯಿಂದ ಬಿಡಿಸಿ. ತುದಿಯಿಂದ ಪ್ರಾರಂಭಿಸಿ ಬುಡದ ಕಡೆಗೆ ಬರಬೇಕು. ಸಿಕ್ಕಿನ ಮೇಲುಗಡೆ ಎಳೆಯನ್ನು ಬಿಗಿಯಾಗಿ ಹಿಡಿದುಕೊಂಡರೆ ನೆತ್ತಿಗೆ ನೋವಾಗುವುದಿಲ್ಲ. ಮಗು ಅಳದೆ ಕೂತರೆ ಕ್ರಮ ಸರಿಯಾಗಿದೆ ಎಂದು ತಿಳಿಯಿರಿ. ನಂತರ ಚೆನ್ನಾಗಿ ನೀರು ಹಾಕಿ ತೊಳೆದು, ಹಳೆಯ ಹತ್ತಿ ಪಂಚೆಯಿಂದ ಒತ್ತಿ ನೀರು ತೆಗೆಯಿರಿ. ಒರಟು ಟವೆಲಿನಿಂದ ಉಜ್ಜಬಾರದು.

ಜಟೆ ಬಂದರೆ

ಇಲ್ಲಿ ಗಂಭೀರವಾದ ವಿಚಾರವೊಂದನ್ನು ಹೇಳಬೇಕಾಗಿದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಲ್ಲಿಯೂ ಸಹಜ. ನೇರ ಕೂದಲಿನಲ್ಲಿ ಅವು ಕೆಳಗೆ ಬೀಳುತ್ತವೆ. ಗುಂಗುರು ಕೂದಲಿನಲ್ಲಿ ಸುರುಳಿಗಳ ಒಳಗೇ ಉಳಿದು ಉಳಿದ ಎಳೆಗಳನ್ನು ಸುತ್ತಿಕೊಳ್ಳುತ್ತವೆ. ಕೆಲವು ವಾರ ಬಿಡಿಸದೆ ಬಿಟ್ಟರೆ, ಜೊತೆಗೆ ಜಿಡ್ಡು, ದೂಳು, ಹೇನು ಸೇರಿದರೆ ಗಂಟು ಕಟ್ಟುತ್ತದೆ. ಒದ್ದೆ ಉಣ್ಣೆಗೆ ಸಾಬೂನು ಹಾಕಿ ಉಜ್ಜಿದರೆ ಅದು ಒತ್ತಿ ಗಟ್ಟಿ ಹಾಳೆಯಂತಾಗುವುದನ್ನು ಕುರಿ ಸಾಕುವವರು ನೋಡಿರುತ್ತೀರಿ. ಜಟೆ ಆಗುವುದೂ ಹಾಗೆಯೇ.

ಉತ್ತರ ಕರ್ನಾಟಕದ ಹಲವು ಭಾಗಗಳಲ್ಲಿ ಹೀಗೆ ಗಂಟಾದ ಕೂದಲನ್ನು ದೇವಿ ಬಂದಿದ್ದಾಳೆ ಎಂದು ನಂಬಿ, ಬಾಚದೆ, ಕತ್ತರಿಸದೆ, ಭಂಡಾರ ಹಚ್ಚಿ ಬಿಡುವ ರೂಢಿ ಇತ್ತು. ಹೆಣ್ಣುಮಗುವಿಗೆ ಜಟೆ ಬಂದರೆ ಅದನ್ನು ಎಲ್ಲಮ್ಮನ ಕರೆಯೆಂದು ಭಾವಿಸಿ ಆಕೆಯನ್ನು ದೇವದಾಸಿಯಾಗಿ ಬಿಡುತ್ತಿದ್ದರು. ಒಂದು ಬಾಚಣಿಗೆಯ ಕೆಲಸ ತಪ್ಪಿದ್ದಕ್ಕೆ ಒಂದು ಮಗುವಿನ ಬಾಳೇ ಹೋಗುತ್ತಿತ್ತು. ಕರ್ನಾಟಕ ಸರ್ಕಾರ 1982ರಲ್ಲಿ ಕಾಯ್ದೆ ತಂದು ಈ ಸಮರ್ಪಣೆಯನ್ನು ನಿಷೇಧಿಸಿತು. ನೆರೆಯ ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಅವರು 1989ರಲ್ಲಿ ಸ್ಥಾಪಿಸಿದ ಅಂಧಶ್ರದ್ಧೆ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಮಾತಾಡಿ ಒಪ್ಪಿಸಿ, ಅನೇಕ ಹೆಂಗಸರನ್ನು ಜಟೆಯ ಭಾರದಿಂದ ಬಿಡಿಸಿದ್ದಾರೆ.

ದೇವಿಯ ಭಕ್ತಿಗೂ ಈ ಗಂಟಿಗೂ ಸಂಬಂಧವಿಲ್ಲ. ಭಕ್ತಿ ಇರಲಿ, ಕೂದಲು ಶುದ್ಧವಾಗಿರಲಿ. ಗಂಟು ಹೊಸದಾಗಿದ್ದರೆ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ ರಾತ್ರಿಯೆಲ್ಲ ಬಿಟ್ಟು, ಮರುದಿನ ಗೊಂಪು ಹಚ್ಚಿ, ಮೊಂಡಾದ ಕಡ್ಡಿಯಿಂದ ತುದಿಯ ಕಡೆಯಿಂದ ಎಳೆಎಳೆಯಾಗಿ ಬಿಡಿಸಬಹುದು. ಒಂದು ದಿನದಲ್ಲಿ ಆಗದಿದ್ದರೆ ಎರಡು ಮೂರು ದಿನ ಮಾಡಿ. ಹಳೆಯದಾಗಿ ಗಟ್ಟಿಯಾಗಿದ್ದರೆ ಬುಡದಲ್ಲಿ ಒಂದಂಗುಲ ಬಿಟ್ಟು ಕತ್ತರಿಸುವುದೇ ಸರಿ. ಕೆಳಗೆ ಹುಣ್ಣು, ಹೇನು ಇರುವ ಸಂಭವವಿರುವುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು. ಕತ್ತರಿಸಿದರೆ ಕೇಡಾಗುತ್ತದೆ ಎಂಬ ಭಯ ಆ ಹೆಣ್ಣುಮಗಳ ಮನಸ್ಸಿನಲ್ಲಿ ನಿಜವಾಗಿಯೇ ಇರುತ್ತದೆ. ಅದನ್ನು ಹಾಸ್ಯ ಮಾಡದೆ, ಆಕೆ ಒಪ್ಪಿದ ಮೇಲೆ ಕತ್ತರಿ ಹಿಡಿಯಬೇಕು. ಮಗುವನ್ನು ದೇವರಿಗೆ ಬಿಡುವ ಸಿದ್ಧತೆ ಕಂಡುಬಂದರೆ ಮಾತ್ರ ಕಾಯುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೆ ತಿಳಿಸಬೇಕು.

ಅಗಸೆ ಲೋಳೆ ಮತ್ತು ಕೂದಲಿನ ಅಲಂಕಾರ

ಅಗಸೆಯನ್ನು ನಾವು ಎಣ್ಣೆಗೆ, ಚಟ್ನಿಗೆ ಬೆಳೆಯುತ್ತೇವೆ. ಅದರ ಬೀಜದ ಸಿಪ್ಪೆಯಲ್ಲಿರುವ ಲೋಳೆ ಗುಂಗುರು ಕೂದಲಿಗೆ ಒಳ್ಳೆಯ ಅಲಂಕಾರ ಸಾಮಗ್ರಿ.

ಮಾಡುವ ವಿಧಾನ: ಅಗಸೆ ಬೀಜ 20 ಗ್ರಾಂ, ಅಂದರೆ ಸುಮಾರು ಎರಡು ದೊಡ್ಡ ಚಮಚ, ನೀರು ಅರ್ಧ ಲೀಟರ್. ಸಣ್ಣ ಉರಿಯಲ್ಲಿ ಕೈಯಾಡಿಸುತ್ತ 7ರಿಂದ 10 ನಿಮಿಷ ಕುದಿಸಿ. ಮೊಟ್ಟೆಯ ಬಿಳಿಯಷ್ಟು ಮಂದವಾದಾಗ ಇಳಿಸಿ, ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದ ಮೇಲೆ ಅದು ಬಟ್ಟೆಯಿಂದ ಇಳಿಯುವುದಿಲ್ಲ. ಇದಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಹೊರಗಿಟ್ಟರೆ ಅಂದೇ ಮುಗಿಸಬೇಕು, ತಂಪು ಪೆಟ್ಟಿಗೆಯಲ್ಲಿಟ್ಟರೆ ಸುಮಾರು ಒಂದು ವಾರ ಇರುತ್ತದೆ. ವಾಸನೆ ಬಂದದ್ದನ್ನು ಚೆಲ್ಲಿಬಿಡಿ. ಸೋಸಿ ಉಳಿದ ಬೆಂದ ಬೀಜವನ್ನು ದನದ ಕಲಗಚ್ಚಿಗೆ ಸೇರಿಸಬಹುದು.

ಹಚ್ಚುವ ಕ್ರಮಕ್ಕೆ ಒಂದು ತತ್ವವಿದೆ. ಕೂದಲಿನೊಳಗಿನ ಕೆಲವು ದುರ್ಬಲ ಬಂಧಗಳು ನೀರಿನಲ್ಲಿ ಬಿಡುತ್ತವೆ, ಒಣಗುವಾಗ ಮತ್ತೆ ಕೂಡುತ್ತವೆ. ಒದ್ದೆಯಾಗಿರುವಾಗ ಯಾವ ಆಕಾರ ಕೊಟ್ಟಿರೋ ಆ ಆಕಾರ ಮುಂದಿನ ಸಲ ಒದ್ದೆಯಾಗುವವರೆಗೆ ನಿಲ್ಲುತ್ತದೆ. ಆದುದರಿಂದ ಅಲಂಕಾರವನ್ನೆಲ್ಲ ಒದ್ದೆಯಲ್ಲಿಯೇ ಮಾಡಿ ಮುಗಿಸಬೇಕು. ಅಂಗೈಗೆ ಲೋಳೆ ತೆಗೆದುಕೊಂಡು ಒದ್ದೆ ಕೂದಲಿನ ಒಂದೊಂದು ಪಾಲಿಗೂ ಸವರಿ, ತುದಿಯಿಂದ ಮೇಲಕ್ಕೆ ಅಂಗೈಯಲ್ಲಿ ಹಿಡಿದು ಹಗುರಾಗಿ ಹಿಸುಕಿ. ಸುರುಳಿ ತಾನೇ ಕೂಡಿಕೊಳ್ಳುತ್ತದೆ. ಬೇಕಾದರೆ ಒಂದೊಂದು ಎಸಳನ್ನು ಬೆರಳಿಗೆ ಸುತ್ತಿ ಬಿಡಿ. ನೆರಳಿನಲ್ಲಿ ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ಒಣಗಿದಾಗ ಗರಿಗರಿಯಾಗಿ ಕಂಡರೆ ಎರಡು ಹನಿ ಎಣ್ಣೆ ಸವರಿದ ಕೈಯಿಂದ ಮತ್ತೆ ಹಿಸುಕಿದರೆ ಮೆದುವಾಗುತ್ತದೆ.

ಹೊಲದ ಕೆಲಸಕ್ಕೆ ಹೋಗುವವರಿಗೆ, ಶಾಲೆಯ ಮಕ್ಕಳಿಗೆ ಎರಡೆಳೆಯ ಹುರಿ ಅನುಕೂಲ. ಲೋಳೆ ಹಚ್ಚಿದ ಪಾಲನ್ನು ಎರಡು ಎಸಳು ಮಾಡಿ, ಪುಂಡಿ ನಾರಿನಿಂದ ಹಗ್ಗ ಹೊಸೆದಂತೆ ಒಂದರ ಮೇಲೊಂದು ಸುತ್ತುತ್ತ ಹೋಗಬೇಕು. ತಲೆಯ ಗಾತ್ರ ನೋಡಿ ಆರು, ಎಂಟು, ಹನ್ನೆರಡು ಹುರಿ ಹಾಕಬಹುದು. ನಾಲ್ಕೈದು ದಿನ ಹಾಗೆಯೇ ಇದ್ದು, ಬಿಚ್ಚಿದಾಗ ಒಂದೇ ಸಮನಾದ ಅಲೆ ಬರುತ್ತದೆ. ಮೂರೆಳೆಯ ಜಡೆಯೂ ಸರಿಯೇ. ಆದರೆ ಬಿಗಿ ಮಾತ್ರ ಕೂಡದು. ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯ ಅಂಚಿನ, ಕಿವಿಯ ಪಕ್ಕದ ಬೇರುಗಳು ಸತ್ತು, ಅಲ್ಲಿ ಕೂದಲು ಮತ್ತೆ ಬರುವುದಿಲ್ಲ. ಜಡೆ ಹಾಕಿದ ಮೇಲೆ ಹುಬ್ಬು ಮೇಲೆದ್ದಂತೆ ಕಂಡರೆ ಅದು ಅತಿ ಬಿಗಿ ಎಂದು ತಿಳಿದು ಬಿಚ್ಚಿ ಹಾಕಿ. ರಬ್ಬರಿನ ಬದಲು ಬಟ್ಟೆಯ ಟೇಪು ಕಟ್ಟಿ. ರಾತ್ರಿ ಮಲಗುವಾಗ ಹಳೆಯ ರೇಷ್ಮೆ ಸೀರೆಯ ತುಂಡನ್ನು ತಲೆಗೆ ಸುತ್ತಿಕೊಂಡರೆ ದಿಂಬಿನ ಉಜ್ಜಾಟ ತಪ್ಪುತ್ತದೆ.

ಹೊಲದಲ್ಲಿ ಎಚ್ಚರಿಕೆ

ಒಕ್ಕಣೆ, ತೂರುವ ಕೆಲಸ, ಗೊಬ್ಬರ ಹರಡುವ ಕೆಲಸಗಳಲ್ಲಿ ತಲೆಗೆ ಹತ್ತಿ ವಸ್ತ್ರ ಕಟ್ಟಲೇಬೇಕು. ಔಷಧಿ ಸಿಂಪಡಿಸಿದ ದಿನ ಆ ವಸ್ತ್ರವನ್ನು ಬೇರೆಯಾಗಿ ಒಗೆದು, ತಲೆಯನ್ನೂ ಅಂದೇ ತೊಳೆಯಬೇಕು. ವಾರದ ಲೆಕ್ಕವನ್ನು ಅಂದು ನೋಡಬಾರದು.

ಹೇನಿಗೆ ಬೆಳೆಯ ಕೀಟನಾಶಕವನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಎಂದೂ ಬಳಸಬೇಡಿ. ಹಿಂದೆ ಬಿ.ಎಚ್.ಸಿ. ಪುಡಿಯನ್ನು ತಲೆಗೆ ಹಾಕುತ್ತಿದ್ದವರುಂಟು. ಆ ಪುಡಿಯನ್ನೇ 1997ರಲ್ಲಿ ದೇಶದಲ್ಲಿ ನಿಷೇಧಿಸಲಾಯಿತು. ನೆತ್ತಿಯ ಚರ್ಮ ವಿಷವನ್ನು ಬೇಗ ಹೀರುತ್ತದೆ, ಮಕ್ಕಳ ಪ್ರಾಣಕ್ಕೆ ಅಪಾಯ. ಗೊಂಪು ಹಚ್ಚಿದ ಒದ್ದೆ ಕೂದಲನ್ನು ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಿ, ಆಮೇಲೆ ಹೇನಿನ ಸೀರಣಿಗೆಯಿಂದ ಮೂರು ನಾಲ್ಕು ದಿನಕ್ಕೊಮ್ಮೆ ಎರಡು ವಾರ ಬಾಚಬೇಕು. ಅದರಿಂದ ಆಗದಿದ್ದರೆ ವೈದ್ಯರನ್ನು ಕೇಳಿ ಹೇನಿನ ಔಷಧಿಯನ್ನೇ ತರಬೇಕು.

ಬಾಣಂತಿಯರಿಗೆ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಕೂದಲು ಹೆಚ್ಚು ಉದುರುವುದು ಸಾಮಾನ್ಯ. ಹೆಚ್ಚಿನವರಲ್ಲಿ ವರ್ಷದೊಳಗೆ ಸರಿಹೋಗುತ್ತದೆ. ಬೇಳೆಕಾಳು, ಸೊಪ್ಪು, ಮೊಟ್ಟೆ, ರಾಗಿ ಊಟದಲ್ಲಿರಲಿ. ಸುಸ್ತಿನ ಜೊತೆ ಕೂದಲು ಉದುರುತ್ತಿದ್ದರೆ ರಕ್ತಹೀನತೆಗೆ ಪರೀಕ್ಷೆ ಮಾಡಿಸಿ.

ನೇರ ಮಾಡಿಸುವ ಆಸೆ

ಈಗ ತಾಲ್ಲೂಕು ಕೇಂದ್ರಗಳಲ್ಲಿಯೂ ಕೂದಲನ್ನು ನೇರ ಮಾಡುವ ಅಂಗಡಿಗಳಿವೆ. ಮದುವೆಗೆ ಮೊದಲು ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದನ್ನು ನೋಡುತ್ತೇವೆ. ಬೇಡವೆನ್ನುವ ಅಧಿಕಾರ ನಮಗಿಲ್ಲ, ಆದರೆ ತಿಳಿದು ಮಾಡಬೇಕು. ಕೆಲವು ಲೇಪಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ. ಅವುಗಳ ರಸಸಾರ 12ಕ್ಕಿಂತ ಹೆಚ್ಚು, ಚರ್ಮ ಸುಡುತ್ತದೆ. ಇನ್ನು ಕೆಲವು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಈ ಅನಿಲ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು. ಅಮೆರಿಕದಲ್ಲಿ 33,000ಕ್ಕೂ ಹೆಚ್ಚು ಮಹಿಳೆಯರನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಲೇಪಗಳನ್ನು ಪದೇ ಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂತು. ಇಷ್ಟೆಲ್ಲ ಆದ ಮೇಲೂ ಬುಡದಲ್ಲಿ ಹುಟ್ಟುವ ಹೊಸ ಕೂದಲು ಗುಂಗುರಾಗಿಯೇ ಬರುತ್ತದೆ. ಗುಳಿಯ ಬಾಗು ಹಾಗೆಯೇ ಇರುತ್ತದಲ್ಲ!

ಅದೇ ಅಮೆರಿಕದಲ್ಲಿ ಆಫ್ರಿಕಾ ಮೂಲದ ಜನ ತಮ್ಮ ಸಹಜ ಕೂದಲಿನ ಕಾರಣದಿಂದ ಶಾಲೆಗಳಲ್ಲಿಯೂ ಕೆಲಸದಲ್ಲಿಯೂ ಅವಮಾನ ಅನುಭವಿಸಿದರು. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಇಂಥ ಭೇದಭಾವವನ್ನು ಕಾನೂನಿನಿಂದಲೇ ನಿಷೇಧಿಸಿತು, ಬೇರೆ ರಾಜ್ಯಗಳೂ ಅನುಸರಿಸಿದವು. ನಮ್ಮ ಶಾಲೆಗಳಲ್ಲಿ ಇದಕ್ಕೆ ಕಾನೂನಿಗಾಗಿ ಕಾಯಬೇಕಾಗಿಲ್ಲ. ಎಣ್ಣೆ ಹಚ್ಚಿ ಒಪ್ಪವಾಗಿ ಎರಡು ಜಡೆ ಹಾಕಿ ಬಾ ಎಂದು ಎಲ್ಲ ಮಕ್ಕಳಿಗೂ ಒಂದೇ ಮಾತು ಹೇಳುವ ಶಿಕ್ಷಕರಿಗೆ, ಹುರಿ ಹೊಸೆದ ಕೂದಲೂ ಒಪ್ಪವೇ ಎಂದು ತಾಯಂದಿರು ಹೋಗಿ ತಿಳಿಸಿದರೆ ಸಾಕು.

ಹಿತ್ತಲಿನಲ್ಲಿ ಬೆಳೆಯಿರಿ

ದಾಸವಾಳವನ್ನು ಮುಂಗಾರಿನ ಪ್ರಾರಂಭದಲ್ಲಿ ಗೇಣುದ್ದದ ಬಲಿತ ಕಡ್ಡಿಗಳಿಂದ ಬೆಳೆಸಬಹುದು. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಗಿಡವಿದ್ದರೆ ಒಂದು ಮನೆಗೆ ಗೊಂಪಿನ ಕೊರತೆಯಿಲ್ಲ. ಸೀಗೆ ಮುಳ್ಳಿನ ಬಳ್ಳಿಯಾದುದರಿಂದ ತೋಟದ ಬೇಲಿಗೆ ಒಳ್ಳೆಯದು. ಅಂಟುವಾಳದ ಸಸಿ ಕಾಯಿ ಬಿಡಲು ಹಲವು ವರ್ಷ ತೆಗೆದುಕೊಳ್ಳುವುದರಿಂದ ಬದುವಿನ ಮೇಲೆ ಒಂದೆರಡನ್ನು ಈಗಲೇ ನೆಡಿ, ಮಕ್ಕಳ ಕಾಲಕ್ಕೆ ಆಗುತ್ತದೆ. ಕಪ್ಪು ಭೂಮಿಯವರು ಹಿಂಗಾರಿನಲ್ಲಿ, ಅಕ್ಟೋಬರ್ ತಿಂಗಳಲ್ಲಿ, ಕಡಲೆಯ ಜೊತೆ ಕೆಲವು ಸಾಲು ಅಗಸೆ ಹಾಕಿದರೆ ಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆ ಬರುತ್ತದೆ. ಮಹಿಳಾ ಸಂಘಗಳು ಬೀಜ ತೆಗೆದ ಸೀಗೆ, ಅಂಟುವಾಳದ ಸಿಪ್ಪೆ, ಅಗಸೆ ಇವುಗಳನ್ನು ಅಳತೆ ಮಾಡಿ, ಬಳಸುವ ಕ್ರಮವನ್ನು ಅಚ್ಚು ಹಾಕಿಸಿದ ಪೊಟ್ಟಣಗಳಾಗಿ ಮಾರಬಹುದು. ಕೂದಲು ಬೆಳೆಸುತ್ತದೆ, ರೋಗ ಗುಣಪಡಿಸುತ್ತದೆ ಎಂಬ ಸುಳ್ಳು ಮಾತನ್ನು ಮಾತ್ರ ಅದರ ಮೇಲೆ ಹಾಕಬಾರದು.

ಒಟ್ಟಿನಲ್ಲಿ ನೆನಪಿಡಬೇಕಾದವು ಇಷ್ಟು. ಹಿಂದಿನ ರಾತ್ರಿ ಎಣ್ಣೆ. ವಾರಕ್ಕೊಮ್ಮೆ ಸೋಸಿದ ಕಷಾಯ. ಒದ್ದೆಯಲ್ಲಿ ಗೊಂಪು ಹಚ್ಚಿ ತುದಿಯಿಂದ ಬುಡಕ್ಕೆ ಸಿಕ್ಕು ಬಿಡಿಸುವುದು. ಒದ್ದೆಯಲ್ಲಿಯೇ ಅಗಸೆ ಲೋಳೆ, ಸಡಿಲವಾದ ಹುರಿ ಅಥವಾ ಜಡೆ. ಒಣಗಿದ ಮೇಲೆ ಬಾಚಣಿಗೆ ಮುಟ್ಟದಿರುವುದು. ಎರಡು ಮೂರು ತಿಂಗಳು ಬಿಡದೆ ಮಾಡಿ ನೋಡಿ. ಹೊಸ ಪದ್ಧತಿಯ ಫಲವನ್ನು ಒಂದೇ ವಾರದಲ್ಲಿ ಅಳೆಯಬಾರದೆಂಬುದು ರೈತರಾದ ನಿಮಗೆ ತಿಳಿಯದ್ದೇನಲ್ಲ.

ವಿಸ್ತರಣಾ ಕಾರ್ಯಕರ್ತರಲ್ಲಿ ಕೊನೆಯದಾಗಿ ಒಂದು ವಿನಂತಿ. ಮನೆಭೇಟಿಗೆ ಹೋದಾ­ಗ ಬೆಳೆಯನ್ನು ನೋಡುವಂತೆ ಅಂಗಳದಲ್ಲಿ ಆಡುವ ಮಕ್ಕಳ ತಲೆಯನ್ನೂ ಒಮ್ಮೆ ನೋಡಿ. ಗಂಟು ಕಟ್ಟುತ್ತಿರುವ ತಲೆ ಕಂಡರೆ ಅದರ ತಾಯಿಗೆ ಗೊಂಪು ಮಾಡುವುದನ್ನೂ ಸಿಕ್ಕು ಬಿಡಿಸುವುದನ್ನೂ ಅಲ್ಲಿಯೇ ಮಾಡಿ ತೋರಿಸಿ. ಅರ್ಧ ಗಂಟೆಯ ಆ ಪ್ರಾತ್ಯಕ್ಷಿಕೆ ನಿಮ್ಮ ದಿನಚರಿಯಲ್ಲಿ ಯಾವ ತಲೆಬರಹದ ಕೆಳಗೂ ಬರಲಾರದು, ಆದರೂ ಮಾಡಿ.